ಸ್ಪಾ: ಕಾಡಿನ ನಡುವಣ ಓಟದ ಹಾದಿ



ಸೈಕಲ್ ತುಳಿಯುವಾಗ ತಿರುವಿನಲ್ಲಿ ನೀವು ವೇಗ ತಗ್ಗಿಸುತ್ತೀರಲ್ಲವೆ? ಟೈರು ಮತ್ತು ನೆಲದ ನಡುವಣ ಘರ್ಷಣೆಯೇ ನಿಮ್ಮನ್ನು ತಿರುವಿನಲ್ಲಿ ಹಿಡಿದಿಡುತ್ತದೆ. ವೇಗ ಎರಡು ಪಟ್ಟಾದರೆ, ಅದಕ್ಕೆ ಬೇಕಾದ ಬಲ ನಾಲ್ಕು ಪಟ್ಟು. ಈ ನಿಯಮವನ್ನು ನೆನಪಿನಲ್ಲಿಟ್ಟುಕೊಂಡು ಬೆಲ್ಜಿಯಂ ದೇಶದ ಸ್ಪಾ-ಫ್ರಾಂಕೋರ್ಶಾಂ ಮೋಟಾರು ಪಂದ್ಯದ ಹಾದಿಯನ್ನು ನೋಡೋಣ.

ಆರ್ಡೆನ್ ಬೆಟ್ಟಗಾಡಿನ ಈ ಹಾದಿಯಲ್ಲಿ 1920ರ ದಶಕದಿಂದ ಪಂದ್ಯಗಳು ನಡೆದಿವೆ. ಮೊದಲು ಅದು ಫ್ರಾಂಕೋರ್ಶಾಂ, ಮಾಲ್ಮೆಡಿ, ಸ್ತಾವ್ಲೋ ಊರುಗಳನ್ನು ಕೂಡಿಸುವ ಸಾರ್ವಜನಿಕ ರಸ್ತೆ. ಆಕಾರ ತ್ರಿಕೋನ, ಒಂದು ಸುತ್ತಿಗೆ ಸುಮಾರು 15 ಕಿಲೋಮೀಟರು. ಇಕ್ಕೆಲಗಳಲ್ಲಿ ಮನೆ, ಮರ, ಕಂಬಗಳು.

ಪಂದ್ಯ ಆರಂಭವಾದೊಡನೆ ಲಾ ಸೂರ್ಸ್ ಎಂಬ ಕಡಿದಾದ ತಿರುವು. ಅಲ್ಲಿಂದ ಇಳಿಜಾರು, ಕೆಳಗೆ ಓ ರೂಜ್ ಎಂಬ ತೊರೆ. ತೊರೆ ದಾಟಿದೊಡನೆ ತಿರುಗುತ್ತಲೇ ಏರುವ ದಿಬ್ಬ. ತಗ್ಗಿನಲ್ಲಿ ಕಾರು ನೆಲಕ್ಕೆ ಒತ್ತುತ್ತದೆ. ದಿಬ್ಬದ ನೆತ್ತಿಯಲ್ಲಿ ಹಗುರಾಗುತ್ತದೆ. ಹಿಡಿತ ಬೇಕಾದಲ್ಲಿಯೇ ಹಿಡಿತ ಕಡಿಮೆ! ಮುಂದಿನ ದಾರಿಯೂ ಕಾಣದು. ಇನ್ನೊಂದು ವಿಶೇಷವೆಂದರೆ ಇಲ್ಲಿನ ಮಳೆ. ಹಾದಿಯ ಒಂದು ಕಡೆ ಒಣಗಿರುವಾಗಲೇ ಇನ್ನೊಂದು ಕಡೆ ನೀರು ಹರಿಯುತ್ತಿರಬಹುದು.

1966ರಲ್ಲಿ ಆದದ್ದೂ ಇದೇ. ಒಣ ನೆಲದಲ್ಲಿ ಹೊರಟ ಕಾರುಗಳು ಮೊದಲನೆಯ ಸುತ್ತಿನಲ್ಲಿಯೇ ಮಳೆಗೆ ಸಿಕ್ಕಿ ಜಾರಿದವು. ಜ್ಯಾಕಿ ಸ್ಟುವರ್ಟ್ ಜಖಂಗೊಂಡ ಕಾರಿನೊಳಗೆ ಸುಮಾರು 25 ನಿಮಿಷ ಸಿಕ್ಕಿಕೊಂಡಿದ್ದರು. ಮೈಮೇಲೆ ಪೆಟ್ರೋಲು ಸುರಿದಿತ್ತು. ಅವರನ್ನು ಬಿಡಿಸಿದವರು ಸಹಚಾಲಕರಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್. ಸ್ಪ್ಯಾನರು ಒಬ್ಬ ಪ್ರೇಕ್ಷಕರದು! ಅಂದಿನಿಂದ ಸ್ಟುವರ್ಟ್ ಸುರಕ್ಷತೆಗಾಗಿ ಹೋರಾಡಿದರು. ಹೇಡಿತನವೆಂದು ಜರೆದವರೂ ಉಂಟು. ಆದರೂ ಅವರು ಹಿಂಜರಿಯಲಿಲ್ಲ.

1970ರ ನಂತರ ಫಾರ್ಮುಲಾ ಒನ್ ಸ್ಪಾದಿಂದ ದೂರವಾಯಿತು. 1979ರಲ್ಲಿ ಹಾದಿಯನ್ನು ಸುಮಾರು 7 ಕಿಲೋಮೀಟರಿಗೆ ಇಳಿಸಲಾಯಿತು. 1983ರಲ್ಲಿ ಪಂದ್ಯ ಮರಳಿತು. ಓ ರೂಜ್ ಮತ್ತು ಅದರ ದಿಬ್ಬ ಉಳಿದವು. ಅಪಾಯವೂ ಪೂರ್ತಿ ಅಳಿಯಲಿಲ್ಲ. 2019ರಲ್ಲಿ ಆ ದಿಬ್ಬದಾಚೆ ಫಾರ್ಮುಲಾ ಟೂ ಚಾಲಕ ಆಂತ್ವಾನ್ ಯೂಬೆರ್ ಪ್ರಾಣ ಕಳೆದುಕೊಂಡರು. 2022ರ ಹೊತ್ತಿಗೆ ಅಲ್ಲಿ ಬದಿಯ ಜಾಗವನ್ನು ಅಗಲಗೊಳಿಸಲಾಯಿತು.

ಮಿತ್ರರೆ, ಹಾದಿಯ ವಿನ್ಯಾಸವೆಂದರೆ ಬರಿಯ ತಿರುವುಗಳ ನಕ್ಷೆಯಲ್ಲ. ತಪ್ಪಿದವನಿಗೆ ರಸ್ತೆಯ ಬದಿಯಲ್ಲಿ ಏನು ಕಾದಿದೆ ಎಂಬುದೂ ವಿನ್ಯಾಸವೇ. ನಾಳೆ ನಿಮ್ಮಲ್ಲಿ ಕೆಲವರು ಇಂಜಿನಿಯರುಗಳಾಗಿ ರಸ್ತೆ ಹಾಕುವಿರಿ. ಆಗ ಈ ಮಾತು ನೆನಪಿರಲಿ.