ಮಾತ್ರೆಯ ಮೇಲೆ ಹೊಟ್ಟೆಯ ದೂರು



ಗರ್ಭನಿರೋಧಕ ಮಾತ್ರೆ, ಅದರಲ್ಲೂ ಅದು ಹೊಟ್ಟೆಗೆ ಕೊಡುವ ಕಾಟ, ದತ್ತಿ ಉಪನ್ಯಾಸಕ್ಕೆ ಇಂಥ ವಿಷಯವೇ ಎಂದು ಸಂಘಟಕರಲ್ಲೊಬ್ಬರು ಮೆಲ್ಲಗೆ ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ಮಾತ್ರೆ ಬಿಟ್ಟವರನ್ನು ಯಾಕೆ ಬಿಟ್ಟಿರೆಂದು ವಿಚಾರಿಸಿ ನೋಡಿ. ‘ಹೊಟ್ಟೆ ತೊಳಸ್ತಿತ್ತು’, ‘ಗ್ಯಾಸ್ಟ್ರಿಕ್ ಆಯ್ತು’, ‘ಉಷ್ಣ ಕಣಮ್ಮ, ತಡಕೊಳ್ಳೋಕೆ ಆಗಲಿಲ್ಲ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೇಳಿಸಿಕೊಳ್ಳುವ ನಮ್ಮ ಬಳಿ ಇರುವುದು ಎರಡೇ ಉತ್ತರ. ‘ನಿಂಗೆ ಒಗ್ಗಲ್ಲ, ಬಿಟ್ಟುಬಿಡು’ ಅನ್ನುತ್ತೇವೆ, ಇಲ್ಲವೇ ‘ಅದೆಲ್ಲ ಮನಸ್ಸಿನದ್ದು, ಸುಮ್ಮನೆ ನುಂಗು’ ಅನ್ನುತ್ತೇವೆ. ಎರಡೂ ಸೋಮಾರಿಗಳ ಉತ್ತರ ಎಂಬುದೇ ಇವತ್ತಿನ ನನ್ನ ವಾದ.

ಈ ಜಗಳ ಮಾತ್ರೆಯಷ್ಟೇ ಹಳೆಯದು. 1956ರಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ರಿಯೊ ಪಿಯೆದ್ರಾಸ್‌ನಲ್ಲಿ, ಬಡವರಿಗಾಗಿ ಕಟ್ಟಿದ ವಸತಿ ಬಡಾವಣೆಯೊಂದರಲ್ಲಿ, ಎನೊವಿಡ್ ಎಂಬ ಮಾತ್ರೆಯ ಪ್ರಯೋಗ ಶುರುವಾಯಿತು. ಅದರ ಹಿಂದಿದ್ದವರು ಅಮೆರಿಕದ ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್. ದ್ವೀಪದಲ್ಲಿದ್ದು ಹೆಂಗಸರನ್ನು ದಿನವೂ ನೋಡುತ್ತಿದ್ದವರು ಡಾ. ಎಡ್ರಿಸ್ ರೈಸ್-ರೇ ಎಂಬ ವೈದ್ಯೆ. ಸರಿಯಾಗಿ ನುಂಗಿದರೆ ಮಾತ್ರೆ ಬಸಿರನ್ನು ಖಂಡಿತ ತಡೆಯುತ್ತದೆ, ಆದರೆ ಶೇ. 17ರಷ್ಟು ಹೆಂಗಸರಿಗೆ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವು, ವಾಂತಿ ಕಾಣಿಸಿಕೊಂಡಿದೆ, ಎಲ್ಲರಿಗೂ ಕೊಡುವ ಔಷಧ ಇದಲ್ಲ ಎಂದು ಆಕೆ ವರದಿ ಕೊಟ್ಟರು. ಪಿಂಕಸ್ ಅದನ್ನು ಪಕ್ಕಕ್ಕಿಟ್ಟರು. ಹೆಂಗಸರ ಮನಸ್ಸಿನ ಆಟ ಎಂಬುದು ಅವರ ನಂಬಿಕೆ. ತೋರಿಸಿಕೊಡಲು ಒಂದು ಪರೀಕ್ಷೆಯನ್ನೂ ಮಾಡಿದರು. ಕೆಲವು ಹೆಂಗಸರಿಗೆ ಹಾರ್ಮೋನೇ ಇಲ್ಲದ ಹುಸಿ ಮಾತ್ರೆ ಕೊಟ್ಟು, ಹೊಟ್ಟೆ ಕೆಡಬಹುದು ಎಂದು ಮೊದಲೇ ಎಚ್ಚರಿಸಿದಾಗ ಅವರಲ್ಲೂ ಕೆಲವರಿಗೆ ಹೊಟ್ಟೆ ಕೆಟ್ಟಿತು.

ಅಂದರೆ ಪಿಂಕಸ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೆಡುತ್ತದೆ ಎಂದು ಹೆದರಿ ನುಂಗಿದ ಹೊಟ್ಟೆ ಕೆಡುವುದುಂಟು. ಹುಸಿ ಮಾತ್ರೆ ಇಟ್ಟು ಆಮೇಲೆ ನಡೆದ ಪ್ರಯೋಗಗಳಲ್ಲೂ ಇದು ಕಂಡಿದೆ. ಆದರೆ ಅವರ ಆ ಮಾತ್ರೆಯಲ್ಲಿ ಇದ್ದದ್ದೆಷ್ಟು? 10 ಮಿಲಿಗ್ರಾಂ ನಾರ್‌ಎಥಿನೊಡ್ರೆಲ್, 150 ಮೈಕ್ರೋಗ್ರಾಂ ಮೆಸ್ಟ್ರನಾಲ್. ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್‌ನಲ್ಲಿ ಇರುವುದು 0.15 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್ ಮತ್ತು 30 ಮೈಕ್ರೋಗ್ರಾಂ ಎಥಿನೈಲ್ ಈಸ್ಟ್ರಡಯಾಲ್. ಪ್ರಮಾಣ ಇಳಿಯುತ್ತ ಬಂದಂತೆ ವಾಕರಿಕೆಯೂ ಇಳಿಯಿತು. ಎಲ್ಲ ಮನಸ್ಸಿನದ್ದೇ ಆಗಿದ್ದರೆ ಮಿಲಿಗ್ರಾಂ ಇಳಿಸಿದರೆ ಯಾಕೆ ಕಡಿಮೆಯಾಗಬೇಕಿತ್ತು? ದ್ವೀಪದ ಆ ಹೆಂಗಸರು ಹೇಳಿದ್ದು ನಿಜವೇ ಆಗಿತ್ತು. 1969ರಲ್ಲಿ ಅಮೆರಿಕದ ಪತ್ರಕರ್ತೆ ಬಾರ್ಬರಾ ಸೀಮನ್ ಮಾತ್ರೆಯ ದುಷ್ಪರಿಣಾಮಗಳ ಮೇಲೆ ಪುಸ್ತಕ ಬರೆದರು. ಮರುವರ್ಷ ಅಲ್ಲಿನ ಸೆನೆಟರ್ ಗೇಲಾರ್ಡ್ ನೆಲ್ಸನ್ ವಿಚಾರಣೆ ನಡೆಸಿದಾಗ, ಮಾತ್ರೆ ನುಂಗಿದ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿಲ್ಲವಲ್ಲ ಎಂದು ಪ್ರೇಕ್ಷಕರ ಸಾಲಿನಿಂದ ಯುವತಿಯರು ಎದ್ದು ಕೂಗಿದರು. ಮಾತ್ರೆಯ ಜೊತೆ ಎಚ್ಚರಿಕೆಯ ಚೀಟಿ ಇಡಬೇಕೆಂಬ ಅಪ್ಪಣೆ ಅದೇ 1970ರಲ್ಲಿ ಹೊರಟಿತು. ಪೊಟ್ಟಣ ಬಿಚ್ಚಿದ ಕೂಡಲೇ ನಾವು ಕಸದ ಬುಟ್ಟಿಗೆ ಹಾಕುವ ಚೀಟಿಗೆ ಇಷ್ಟು ಇತಿಹಾಸವಿದೆ.

ಹಾಗಾದರೆ ಹೊಟ್ಟೆ ಕೆಡಿಸಿದ್ದು ಮಾತ್ರೆಯೋ, ಬೇರೇನೋ, ಹೇಗೆ ತಿಳಿಯುವುದು? ನಾನು ಮೊದಲು ಕೇಳುವುದು ‘ಯಾವಾಗಿನಿಂದ?’ ಎಂದು. ಮಾತ್ರೆಯಲ್ಲಿರುವ ಎರಡು ಹಾರ್ಮೋನುಗಳಲ್ಲಿ ಒಂದಾದ ಈಸ್ಟ್ರೊಜೆನ್ ತರುವ ವಾಕರಿಕೆ ಸಾಮಾನ್ಯವಾಗಿ ಮೊದಲ ಪಟ್ಟಿಯಲ್ಲೇ ಶುರುವಾಗಿ ಎರಡು-ಮೂರು ತಿಂಗಳಲ್ಲಿ ತಾನಾಗಿ ತಗ್ಗುತ್ತದೆ. ಖಾಲಿ ಹೊಟ್ಟೆಯಲ್ಲಿ ಜಾಸ್ತಿ, ರಾತ್ರಿ ಊಟವಾದ ಮೇಲೆ ನುಂಗಿ ಮಲಗಿದರೆ ಕಡಿಮೆ. ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟೊಜೆನ್ ಕರುಳಿನ ಓಟವನ್ನು ಸ್ವಲ್ಪ ನಿಧಾನ ಮಾಡಬಲ್ಲದು, ಅದರಿಂದ ಕೆಲವರಿಗೆ ಹೊಟ್ಟೆ ಉಬ್ಬರಿಸಿದಂತಾಗುತ್ತದೆ. ಎರಡು ವರ್ಷ ನೆಮ್ಮದಿಯಾಗಿ ನುಂಗಿದ ಮೇಲೆ ಒಂದು ದಿನ ತಟ್ಟನೆ ವಾಂತಿ ಶುರುವಾಯಿತೆಂದರೆ ಮಾತ್ರೆಯನ್ನು ಬೈಯುವ ಮುಂಚೆ ಬೇರೆ ಕಡೆ ನೋಡಬೇಕು. ನಡುವೆ ಮಾತ್ರೆ ತಪ್ಪಿಸಿದ್ದರೆ ಮೊದಲು ಬಸಿರಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಎರಡನೆಯ ಪ್ರಶ್ನೆ, ‘ಪಟ್ಟಿಯ ಯಾವ ವಾರ?’ ಇದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ. 21 ಬಿಳಿಯವು, ಹಾರ್ಮೋನ್ ಇರುವಂಥವು. ಉಳಿದ 7 ಕಂದು ಬಣ್ಣದವು. ಅವುಗಳಲ್ಲಿ ಹಾರ್ಮೋನ್ ಚೂರೂ ಇಲ್ಲ, ಇರುವುದು ಕಬ್ಬಿಣ, 60 ಮಿಲಿಗ್ರಾಂ ಫೆರಸ್ ಫ್ಯೂಮರೇಟ್. ನಮ್ಮ ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ ಅದು ಒಳ್ಳೆಯದೇ. ಆದರೆ ಕಬ್ಬಿಣ ಮಲವನ್ನು ಕಪ್ಪಾಗಿಸುತ್ತದೆ, ಕಟ್ಟಿಸುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಇದು ಸಣ್ಣ ಪ್ರಮಾಣ ನಿಜ. ಆದರೆ ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಕಬ್ಬಿಣದ ಮಾತ್ರೆಯನ್ನೂ ಅದೇ ವಾರ ನುಂಗುತ್ತಿದ್ದರೆ ಎರಡೂ ಸೇರುತ್ತವೆ. ಅದೇ ವಾರ ಮುಟ್ಟಾಗುವುದರಿಂದ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶದ ಜೊತೆಗೆ ಕರುಳನ್ನೂ ಹಿಂಡಿ ಕೆಲವರಿಗೆ ಭೇದಿ ತರಿಸುತ್ತದೆ. ಹೀಗೆ ಒಂದೇ ವಾರದಲ್ಲಿ ಒಬ್ಬಳಿಗೆ ಮಲಬದ್ಧತೆ, ಇನ್ನೊಬ್ಬಳಿಗೆ ಭೇದಿ. ಇಬ್ಬರೂ ಬೈಯುವುದು ಆ ವಾರ ನುಂಗದೇ ಇದ್ದ ಹಾರ್ಮೋನನ್ನು.

‘ಉಷ್ಣ’ದ ಮಾತಿಗೆ ಬರೋಣ. ಮಾತ್ರೆ ಉಷ್ಣ ಎಂದು ಎಷ್ಟೋ ಮನೆಗಳಲ್ಲಿ ಅದನ್ನು ಒಂದು ದೊಡ್ಡ ಲೋಟ ಹಾಲಿನ ಜೊತೆ ಕೊಡುತ್ತಾರೆ. ದಕ್ಷಿಣ ಭಾರತದಲ್ಲಿ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗಿಸಿಕೊಳ್ಳಲಾಗದವರು ಬಹಳ. ಬೆಳಗಿನ ಕಾಫಿಯ ಹಾಲು ತಡೆದೀತು, ಮಲಗುವ ಹೊತ್ತಿನ ಇಡೀ ಲೋಟ ತಡೆಯದು. ಹೊಟ್ಟೆ ಗುಡುಗುಡು ಅನ್ನುತ್ತದೆ, ಬೆಳಿಗ್ಗೆ ಭೇದಿ. ತಂಪಿಗೆಂದು ಕುಡಿದ ಹಾಲು ಮಾಡಿದ ತಪ್ಪಿಗೆ ಮಾತ್ರೆಗೆ ಶಿಕ್ಷೆ. ನಾಲ್ಕು ದಿನ ನೀರಿನಲ್ಲಿ ನುಂಗಿ ನೋಡಿದರೆ ಗೊತ್ತಾಗುತ್ತದೆ. ಖರ್ಚಿಲ್ಲದ ಪರೀಕ್ಷೆ.

ಮೂರನೆಯದು, ‘ಜೊತೆಗೆ ಏನೇನು ನುಂಗುತ್ತೀರಿ?’ ಇಲ್ಲಿಯೇ ನಿಜವಾದ ಗೋಜಲು. ಮಾತ್ರೆ ಈಗ ಬರೀ ಕುಟುಂಬ ಯೋಜನೆಯದ್ದಲ್ಲ. ಪಿಸಿಓಡಿ ಎಂಬ ಅಂಡಾಶಯದ ತೊಂದರೆಗೂ ಅದೇ, ಮೊಡವೆಗೂ ಅದೇ. ಪಿಸಿಓಡಿ ಹುಡುಗಿಗೆ ಮಾತ್ರೆಯ ಜೊತೆ ಬರೆಯುವ ಮೆಟ್‌ಫಾರ್ಮಿನ್ ಶುರುವಿನ ವಾರಗಳಲ್ಲಿ ವಾಕರಿಕೆ, ಭೇದಿ ತರುವುದರಲ್ಲಿ ಹೆಸರುವಾಸಿ. ಎರಡನ್ನೂ ಒಂದೇ ದಿನ ಶುರುಮಾಡಿದರೆ ಕಳ್ಳನ ಪತ್ತೆ ಕಷ್ಟ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಅನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಕೂಡಲೇ ಮಲಗಿದರೆ ಅದು ಅನ್ನನಾಳಕ್ಕೆ ಅಂಟಿ ಅಲ್ಲೇ ಸುಡುತ್ತದೆ, ಎದೆ ಉರಿಗೆ ಬೇರೆ ಕಾರಣ ಬೇಡ. ಮುಟ್ಟಿನ ನೋವಿಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಮೆಫೆನಾಮಿಕ್ ಆಮ್ಲ, ಮೈಕೈ ನೋವಿಗೆ ಡೈಕ್ಲೊಫೆನಾಕ್, ಇವು ಜಠರದ ಒಳಪೊರೆಯನ್ನೇ ಕೆರೆಯುತ್ತವೆ. ಆ ಉರಿಗೆ ಮತ್ತೆ ಮೆಡಿಕಲ್ ಶಾಪಿನಿಂದ ‘ಗ್ಯಾಸ್ಟ್ರಿಕ್ ಮಾತ್ರೆ’. ಹಬ್ಬಕ್ಕೋ ಗೃಹಪ್ರವೇಶಕ್ಕೋ ಮುಟ್ಟು ಮುಂದೂಡಲು ದಿನಕ್ಕೆ ಮೂರು ಸಲ ನುಂಗುವ ನಾರ್‌ಎಥಿಸ್ಟೆರೋನ್ ಕೂಡ ಹಾರ್ಮೋನೇ, ಹೊಟ್ಟೆ ಉಬ್ಬರ ಅದರಿಂದಲೂ ಬರುತ್ತದೆ. ಅದರ ಸುದ್ದಿಯನ್ನು ಮಾತ್ರ ಯಾರೂ ಡಾಕ್ಟರ ಮುಂದೆ ಎತ್ತುವುದಿಲ್ಲ, ಎರಡು ದಿನದ ಮಾತ್ರೆ ತಾನೇ ಎಂದು.

ಮಾತ್ರೆಗೆ ಸಂಬಂಧವೇ ಇಲ್ಲದ ಕಾಯಿಲೆಗಳೂ ಉಂಟು. ಜಠರದಲ್ಲಿ ಮನೆ ಮಾಡುವ ಪೈಲೋರಿ ಬ್ಯಾಕ್ಟೀರಿಯ, ಜಂತು, ಥೈರಾಯ್ಡ್, ಆತಂಕದಿಂದ ಕೆರಳುವ ಕರುಳು. ಒಂದನ್ನು ಮಾತ್ರ ಎತ್ತಿ ಹೇಳುತ್ತೇನೆ. ಗರ್ಭಕೋಶದ ಒಳಪೊರೆಯಂಥ ಪದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರುವವರಿಗೆ ಮುಟ್ಟಿನ ಹೊತ್ತಿಗೆ ಹೊಟ್ಟೆ ಉಬ್ಬರ, ಮಲ ಹೋಗುವಾಗ ನೋವು ಬರುತ್ತದೆ. ಆ ಕಾಯಿಲೆಗೆ ಕೊಡುವ ಔಷಧಗಳಲ್ಲಿ ಇದೇ ಮಾತ್ರೆ ಒಂದು. ದೂರನ್ನು ತಪ್ಪಾಗಿ ಕೇಳಿಸಿಕೊಂಡು ಮಾತ್ರೆ ನಿಲ್ಲಿಸಿದರೆ ಆಕೆಯ ನೋವು ಹೆಚ್ಚುತ್ತದೆ.

ಇನ್ನು ಕಾಯುವಂತಿಲ್ಲದ ಸಂಗತಿಗಳು. ಈಸ್ಟ್ರೊಜೆನ್ ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಿಸುತ್ತದೆ. ಕಲ್ಲು ಕಟ್ಟುವ ಮೈಯವರಿಗೆ ಅದು ಬೇಗ ಕಟ್ಟೀತು. ಬಜ್ಜಿ, ಬಿರಿಯಾನಿ ತಿಂದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದು ಬೆನ್ನಿಗೆ, ಬಲಭುಜಕ್ಕೆ ಹಬ್ಬುವ ನೋವನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ತಳ್ಳಬೇಡಿ, ಸ್ಕ್ಯಾನಿಂಗ್ ಮಾಡಿಸಿ. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮೈಯೆಲ್ಲ ತುರಿಕೆ ಎಂದರೆ ಕಾಮಾಲೆ. ಅದು ಹೆಚ್ಚಾಗಿ ನೀರಿನಿಂದ ಬರುವ ಸೋಂಕೇ ಆಗಿರುತ್ತದೆ, ಆದರೆ ಬಸಿರಿನಲ್ಲಿ ತುರಿಕೆಯ ಕಾಮಾಲೆ ಬಂದಿದ್ದವರಿಗೆ ಮಾತ್ರೆಯಿಂದಲೂ ಬರಬಹುದು. ಎರಡರಲ್ಲೂ ಮಾತ್ರೆ ನಿಲ್ಲಬೇಕು, ಡಾಕ್ಟರು ನೋಡಬೇಕು, ನಾಟಿ ಔಷಧಿಯ ಸಾಲು ಆಮೇಲೆ. ಬಿಡದೆ ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಅದೂ ಒಂದು ಕಾಲು ಊದಿಕೊಂಡಿದ್ದರೆ, ಉಸಿರು ಹಿಡಿದರೆ, ಎದೆ ನೋಯುತ್ತಿದ್ದರೆ, ರಕ್ತ ಹೆಪ್ಪುಗಟ್ಟಿರಬಹುದು. ಅಪರೂಪ, ಆದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕಾದ್ದು.

ವಾಂತಿಯ ಬಗ್ಗೆ ಇನ್ನೊಂದು ಮಾತು, ಇದು ತಿಳಿಯದೆ ಬಸಿರಾಗುವುದುಂಟು. ಮಾತ್ರೆ ನುಂಗಿದ ಎರಡು-ಮೂರು ಗಂಟೆಯೊಳಗೆ ವಾಂತಿಯಾದರೆ ಅದು ಮೈಗೆ ಸೇರಿಲ್ಲ, ಕೂಡಲೇ ಇನ್ನೊಂದು ನುಂಗಬೇಕು. ಎರಡು ದಿನಕ್ಕೂ ಮೀರಿ ಜೋರು ವಾಂತಿ-ಭೇದಿ ಇದ್ದರೆ ಮಾತ್ರೆ ತಪ್ಪಿದಂತೆಯೇ ಲೆಕ್ಕ, ಆಗ ಕಾಂಡೋಮ್ ಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆಯ ಬಲವನ್ನೇ ಕುಗ್ಗಿಸುತ್ತದೆ. ಟಿಬಿ ಔಷಧ ನಡೆದಿರುವಾಗ ಇದನ್ನು ನಂಬಿ ಕೂರುವಂತಿಲ್ಲ.

ಮೂರು ಪಟ್ಟಿ ಮುಗಿದರೂ ಹೊಟ್ಟೆ ತೊಳಸುವುದು ನಿಂತಿಲ್ಲ, ಬೇರೆ ಕಾರಣವೂ ಸಿಗಲಿಲ್ಲ ಎಂದರೆ ಆಗ ಮಾತ್ರೆಯೇ ಕಾರಣ ಎಂದು ಒಪ್ಪಬೇಕು, ಆಕೆಯ ಮಾತನ್ನು ನಂಬಬೇಕು. ದಾರಿ ಅಲ್ಲಿಗೇ ಮುಚ್ಚುವುದಿಲ್ಲ. ಈಸ್ಟ್ರೊಜೆನ್ ಇನ್ನೂ ಕಡಿಮೆ ಇರುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ವಂಕಿ ಇದೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಸ್ಟೀರಾಯ್ಡ್ ಅಲ್ಲದ ಛಾಯಾ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ವಾಕರಿಕೆಯ ಕಾಟ ಅದರಲ್ಲಿ ಅಷ್ಟಾಗಿ ಇಲ್ಲ. ಬೇರೊಂದು ಉಪಾಯ ಕೈಗೆ ಬರುವ ಮೊದಲು ಇದ್ದದ್ದನ್ನು ಬಿಡಬೇಡಿ.

ನರ್ಸಿಂಗ್ ಓದುತ್ತಿರುವ ವಿದ್ಯಾರ್ಥಿನಿಯರೆ, ನಾಳೆ ನೀವು ವಾರ್ಡಿನಲ್ಲಿ ನಿಂತಾಗ ಒಬ್ಬಳು ಬಂದು ‘ಮಾತ್ರೆ ಒಗ್ತಿಲ್ಲ ಸಿಸ್ಟರ್’ ಅಂದರೆ ಕುರ್ಚಿ ಕೊಟ್ಟು ಕೂರಿಸಿ. ಯಾವಾಗಿನಿಂದ, ಯಾವ ವಾರ, ಜೊತೆಗೆ ಏನೇನು ಎಂದು ಕೇಳಿ ಬರೆದುಕೊಳ್ಳಿ. ತಾಯಂದಿರೆ, ನೀವು ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಡಾಕ್ಟರ ಚೀಟಿ ಇಲ್ಲದೆ ಕೊಂಡವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.