ಅರಮನೆಯಂಥ ಹೋಟೆಲು, ಅಡಿಗೆಯವರ ಕೈರುಚಿ

ಸಿಂಗಪುರದ ರಾಫಲ್ಸ್ ಹೋಟೆಲು ೧೮೮೭ರಲ್ಲಿ ಕಡಲಂಚಿನ ಹತ್ತು ಕೋಣೆಗಳ ಬಂಗಲೆಯಾಗಿ ಆರಂಭವಾಯಿತು. ತೆರೆದವರು ಸಾರ್ಕೀಸ್ ಎಂಬ ಆರ್ಮೀನಿಯನ್ ಸಹೋದರರು. ಹೆಸರು ಮಾತ್ರ ಆಂಗ್ಲ ಅಧಿಕಾರಿಯದು. ಆದರೆ ಅದಕ್ಕೆ ಲೋಕಪ್ರಸಿದ್ಧಿ ತಂದ ‘ಸಿಂಗಪುರ ಸ್ಲಿಂಗ್’ ಪಾನೀಯವನ್ನು ೧೯೧೫ರಲ್ಲಿ ಬೆರೆಸಿದವನು, ಹೋಟೆಲಿನವರೇ ಹೇಳುವಂತೆ, ನಿಯಾಮ್ ಟಾಂಗ್ ಬೂನ್ ಎಂಬ ಹೈನಾನ್ ಮೂಲದ ನೌಕರ.

ಚೀನದ ಹೈನಾನ್ ದ್ವೀಪದವರು ಸಿಂಗಪುರಕ್ಕೆ ತಡವಾಗಿ ವಲಸೆ ಬಂದವರು. ವ್ಯಾಪಾರವೆಲ್ಲ ಅದಾಗಲೇ ಇತರರ ಕೈಯಲ್ಲಿತ್ತು. ಬಿಳಿಯರ ಮನೆಗಳಲ್ಲಿ, ಹೋಟೆಲುಗಳಲ್ಲಿ ಅಡಿಗೆ ಮಾಡುವುದು, ಬಡಿಸುವುದು ಅನೇಕರಿಗೆ ಜೀವನೋಪಾಯವಾಯಿತು. ಅವರು ಬೀದಿಯಲ್ಲಿ ಮಾರಿದ ಕೋಳಿ-ಅನ್ನವನ್ನು ಇಂದು ದೊಡ್ಡ ಹೋಟೆಲುಗಳೂ ಬಡಿಸುತ್ತವೆ. ಸಿಂಗಪುರದ ಈ ಅಗ್ಗದ ಊಟದ ಸಂಸ್ಕೃತಿಗೆ ೨೦೨೦ರಲ್ಲಿ ಯುನೆಸ್ಕೋ ಮನ್ನಣೆಯೂ ದೊರೆಯಿತು.

ರಜೆಗೆ ಅಲ್ಲಿಗೆ ಹೋಗುವವರು ರಾಫಲ್ಸಿನ ವೈಭವವನ್ನು ಅವಶ್ಯವಾಗಿ ನೋಡಲಿ. ಸಂಜೆಗೆ ಹಾಕರ್ ಸೆಂಟರಿನಲ್ಲಿಯೂ ಕುಳಿತು ಉಣ್ಣಲಿ. ಅರಮನೆಗೆ ಕೀರ್ತಿ ತಂದ ಜನರ ಕೈರುಚಿ ಅಲ್ಲಿ ಕೆಲವೇ ಡಾಲರುಗಳಿಗೆ ದೊರೆಯುತ್ತದೆ.