ಒಂದು ತಟ್ಟೆ ಊಟಕ್ಕೆ ಎಷ್ಟು?

ಪುಣೆಯ ವಾಕಡ್‌ನಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನ ವಿಜಯಪುರದ ಅಕ್ಕ ಮನೆಯಲ್ಲೇ ಐದು ಮಕ್ಕಳನ್ನ ನೋಡ್ಕೋತಾರೆ. ನನ್ನ ಮಗಳೂ ಅಲ್ಲೇ. ಫೀಸು ಬೇರೆ, ಊಟ, ಹಾಲು, ಹಣ್ಣಿಗೆ ದಿನಕ್ಕೆ 30 ರೂಪಾಯಿ. "ತಿಂಗಳ ಕೊನಿಗೆ ಕೈಯಾಗ ಏನೂ ಉಳಿಯಂಗಿಲ್ರೀ, ಒಂದ್ ಸಲ ಲೆಕ್ಕಾ ನೋಡ್ರಿ" ಅಂದ್ರು. ಎಕ್ಸೆಲ್ ತೆಗೆದೆ.

ದಿನಕ್ಕೆ ಹಾಲು 60, ಅಕ್ಕಿ-ಬೇಳೆ-ತರಕಾರಿ 90, ಹಣ್ಣು 50. 22 ದಿನಕ್ಕೆ 4,400. ಅರ್ಧ ಸಿಲಿಂಡರ್ 450. ಒಟ್ಟು 4,850. ಐದು ಮಕ್ಕಳಿಗೆ 110 ಊಟ, ತಲಾ 44 ಅಂದೆ. ಅಕ್ಕ ನಕ್ಕರು. "ಐದೂ ಮಂದಿ ದಿನಾ ಎಲ್ಲಿ ಬರ್ತಾರ್ರೀ?"

ಜ್ವರ, ಅಜ್ಜಿ ಮನೆ, ವರ್ಕ್ ಫ್ರಂ ಹೋಮ್. ನಾವು ಮೆಸೇಜ್ ಹಾಕೋದು ಬೆಳಿಗ್ಗೆ ಒಂಬತ್ತಕ್ಕೆ. ಅಷ್ಟೊತ್ತಿಗೆ ಕುಕ್ಕರ್ ಕೂಗಿರುತ್ತೆ. ದುಡ್ಡು ಮಾತ್ರ ಬಂದ ಮಕ್ಕಳದ್ದಷ್ಟೇ. ಅವರ ಕ್ಯಾಲೆಂಡರಿನ ಗುರುತು ಎಣಿಸಿದ್ರೆ 97. ಅಂದ್ರೆ ಊಟಕ್ಕೆ 50. ತಿಂಗಳಿಗೆ 1,940 ಅವರ ಕೈಯಿಂದಲೇ ಹೋಗ್ತಿತ್ತು. ಎಂಟೆಕ್ ಮಾಡಿದ ನಾನು ಛೇದವನ್ನೇ ತಪ್ಪು ಹಿಡಿದಿದ್ದೆ. ಆ ಒಂಬತ್ತು ಗಂಟೆಯ ಮೆಸೇಜುಗಳಲ್ಲಿ ನಾಲ್ಕು ನನ್ನವೇ.

"50 ಕೇಳಿ ಅಕ್ಕಾ" ಅಂದೆ. "ಕೂಸಿಗೆ ಉಣಿಸಿ ರೊಕ್ಕಾ ಕೇಳೂದೇನ್ರೀ?" ಕೊನೆಗೆ ಅವರನ್ನ ಒಪ್ಪಿಸಿ, ಪೇರೆಂಟ್ಸ್ ಗ್ರೂಪಿಗೆ ಶೀಟ್ ನಾನೇ ಹಾಕಿದೆ. ಹಿಂದಿನ ರಾತ್ರಿ ಎಂಟರೊಳಗೆ ಹೇಳದಿದ್ರೆ ಊಟದ ದುಡ್ಡು ಕೊಡ್ಬೇಕು ಅಂತಲೂ ಬರೆದೆ. ಇಬ್ಬರು ಸರಿ ಅಂದಿದ್ದಾರೆ. ಇನ್ನಿಬ್ಬರದು ಬರೀ ಬ್ಲೂ ಟಿಕ್.